ಬೋಗಿಯ ಮುಂದಿನ ಬೆಂಕಿಕಡ್ಡಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ, ಅದರ ವಾಸನೆಗೆ ಸಾಗರದ ಅಜ್ಜನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ರೈಲ್ವೆಯಲ್ಲಿ ಇಂಜಿನ್ನಿಗೆ ಬೋಗಿಗಳನ್ನು ಜೋಡಿಸುವ, ಬಿಡಿಸುವ ಶಂಟಿಂಗ್ ಕೆಲಸ ಮಾಡಿ ನಿವೃತ್ತರಾದವರು. ಅಂದು ನನ್ನ ಆಟದ ರೈಲಿನ ಇಂಜಿನ್ನಿಗೆ ಎಣ್ಣೆ ಹಾಕಿ, ವೇಗದ ರೆಗ್ಯುಲೇಟರನ್ನು ಕೂದಲೆಳೆಯಷ್ಟೇ ತಿರುಗಿಸಿ, ಅದು ಇರುವೆಯಂತೆ ತೆವಳುವ ಹಾಗೆ ಮಾಡಿದರು. ಆಮೇಲೆ ನಿಂತಿದ್ದ ಬೋಗಿಯ ಮುಂದೆ, ಹಳಿ ಕೂರಿಸಿದ್ದ ಹಲಗೆಯ ಬಿರುಕಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿದರು.

"ಇವ ಇಂಜಿನ್ನಿಗೂ ಬೋಗಿಗೂ ನಡುವೆ ನಿಂತು ಕೊಕ್ಕೆ ಹಾಕೋನು. ಇವನಿಗೆ ತಾಗ್ದಂಗೆ ಇಂಜಿನ್ ನಿಲ್ಸು, ಪುಟ್ಟಿ."

ಮೂರು ಸಲ ನಿಲ್ಲಿಸಿದೆ. ನಾಲ್ಕನೆಯ ಸಲ ಬೇಜಾರಾಗಿ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿಬಿಟ್ಟೆ. ಕಡ್ಡಿ ಲಟಕ್ಕನೆ ಮುರಿಯಿತು. ನಾನು ಚಪ್ಪಾಳೆ ತಟ್ಟಿ ನಕ್ಕೆ.

"ಅಜ್ಜಾ, ಇನ್ನೊಂದು ಕಡ್ಡಿ ಕೊಡು!"

ಅಜ್ಜ ಬೈಯಲಿಲ್ಲ. ಮುರಿದ ಎರಡೂ ತುಂಡುಗಳನ್ನು ಹುಡುಕಿ ತೆಗೆದು, ಅಂಗಿಯ ಜೇಬಿನಲ್ಲಿಟ್ಟುಕೊಂಡರು.