ಇಂಜಿನಿಯರ್ ಸಾಹೇಬರ ಸಿಗಾರು ಡಬ್ಬಿ

ಗಾಜಿನ ಮುಚ್ಚಳ ಕಂಡಕೂಡಲೇ ತೌಹೀದನಿಗೆ ಗೊತ್ತಾಗಿಹೋಯಿತು. ಡಬ್ಬಿ ನಕಲಿ, ಒಳಗಿನ ಸಿಗಾರುಗಳೂ ನಕಲಿ. ಕ್ಯೂಬಾದವರು ತಮ್ಮ ಮಾಲನ್ನು ಕಟ್ಟಿಗೆಯ ಪೆಟ್ಟಿಗೆಯೊಳಗೆ ಕತ್ತಲಲ್ಲಿಟ್ಟು ಮಾರುತ್ತಾರೆಯೇ ಹೊರತು, ಬಳೆ ಅಂಗಡಿಯವರ ಹಾಗೆ ಗಾಜಿನ ಕೆಳಗಿಟ್ಟು ತೋರಿಸುವುದಿಲ್ಲ.

ಆದರೆ ಹಾಗೆಂದು ಬಾಯಿಬಿಡುವಂತಿರಲಿಲ್ಲ. ಎದುರಿಗೆ ರಸ್ತೆ ಕಾಮಗಾರಿಯ ಇಂಜಿನಿಯರ್ ಬಸವಲಿಂಗ ಸಾಹೇಬರು ಬೆವರುತ್ತ ನಿಂತಿದ್ದರು. ಸೋಫಾದ ಮೇಲೆ ಕಲಬುರಗಿಯಿಂದ ಬಂದ ಇಬ್ಬರು, ಒಬ್ಬರು ಹಿರಿಯರು, ಇನ್ನೊಬ್ಬ ಕಿರಿಯ, ತೌಹೀದನ ಮುಖವನ್ನೇ ನೋಡುತ್ತಿದ್ದರು.

ತೌಹೀದ ದುಬೈಯ ದೊಡ್ಡ ಹೋಟೆಲೊಂದರ ಸಿಗಾರು ಕೋಣೆಯಲ್ಲಿ ವರ್ಷಗಟ್ಟಲೆ ದುಡಿದು, ಸುರಪುರಕ್ಕೆ ಮರಳಿ ಬೇಕರಿ ಹಾಕಿದವನು. ಬೀಡಿ ಸೇದುವ ಊರಿನಲ್ಲಿ ಅವನ ವಿದ್ಯೆ ಕೇಳುವವರಿರಲಿಲ್ಲ. ಖಾರಾ ಕೊಳ್ಳಲು ಬಂದವರನ್ನು ಹಿಡಿದು ನಿಲ್ಲಿಸಿ ಅಸಲಿ ಸಿಗಾರಿನ ಎಲೆ ಹೇಗಿರುತ್ತದೆಂದು ತಾನಾಗಿಯೇ ಹೇಳುತ್ತಿದ್ದ. ಅವರು ಖಾರಾ ತಿನ್ನುತ್ತ ತಲೆಯಾಡಿಸಿ ಹೋಗುತ್ತಿದ್ದರು. ಹೀಗಾಗಿ ಬೆಳಿಗ್ಗೆ ಸಾಹೇಬರ ಫೋನು ಬಂದಾಗ ಅವನು ಹಿಗ್ಗಿಹೋದ. ಸಾಹೇಬರು ಹೆಚ್ಚು ಮಾತಾಡಲಿಲ್ಲ. ಮನೆಗೆ ಮಂದಿ ಬಂದಿದ್ದಾರೆ, ಒಂದು ಸಿಗಾರು ಡಬ್ಬಿಯಿದೆ, ಅಸಲಿಯೋ ನಕಲಿಯೋ ನೋಡಿ ಹೇಳಬೇಕು, ಎಂದಷ್ಟೇ ಹೇಳಿ ಫೋನಿಟ್ಟರು.

ಬಂದವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಸಾಹೇಬರ ಮಗಳು ಶಾಂಭವಿಗೆ ಕಲಬುರಗಿಯ ಗಂಡನ್ನು ನೋಡುತ್ತಿದ್ದಾರೆಂಬುದು ಊರಿಗೆಲ್ಲ ತಿಳಿದಿತ್ತು. ನಡುಮನೆಗೆ ಕಾಲಿಟ್ಟರೆ ಜಮಖಾನೆಯ ತುಂಬ ಬೆಳ್ಳಿ ತಟ್ಟೆ, ರೇಷ್ಮೆ ಸೀರೆ, ಬಂಗಾರದ ಸರ ಸಾಲಾಗಿ ಹರಡಿದ್ದವು. ಬೀಗರೆದುರು ಹೀಗೂ ಮೆರೆಯುತ್ತಾರೆಯೇ ಎಂದು ಅವನಿಗೆ ನಗು ಬಂತು. ಗಂಡಿನ ಕಡೆಯ ಹೆಂಗಸೊಬ್ಬಳು ಸಾಹೇಬರ ಹೆಂಡತಿ ಮಹಾನಂದಾಬಾಯಿಯನ್ನು ಪಕ್ಕಕ್ಕೆ ಸರಿಸಿ ಕಪಾಟಿನೊಳಗೇ ತಲೆ ಹಾಕಿದ್ದಳು. ಮದುವೆಯ ಅಕ್ಕಿಕಾಳೇ ಬಿದ್ದಿಲ್ಲ, ಆಗಲೇ ಕಪಾಟಿಗೆ ಕೈ. ಶಾಂಭವಿಯ ಮುಂದಿನ ಬಾಳು ನೆನೆದು ತೌಹೀದನಿಗೆ ಅಯ್ಯೋ ಅನಿಸಿತು. ತಂದಿಟ್ಟ ಚಹಾವನ್ನೂ ಬೀಗರು ಮುಟ್ಟಿರಲಿಲ್ಲ. ಬಲು ಬಿಗಿ ಜನ.

“ತೌಹೀದ, ಇದ್ದದ್ದು ಇದ್ದಂಗ ಹೇಳು,” ಎಂದರು ಸಾಹೇಬರು. “ನಕಲಿ ಇದ್ರ ನಕಲಿ ಅನ್ನು. ನನಗೇನೂ ಬ್ಯಾಸರಿಲ್ಲ.”

ಎಂಥ ಮಾನವಂತ ಎನಿಸಿತು ಅವನಿಗೆ. ಬೀಗರು ಡಬ್ಬಿಯ ಬಗ್ಗೆ ಕೊಂಕು ತೆಗೆದಿದ್ದಾರೆ, ಪಾಪ, ಮನುಷ್ಯ ನಗುನಗುತ್ತ ಮರ್ಯಾದೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾನೆ.

ಅವನು ಒಂದು ಸಿಗಾರು ತೆಗೆದು ಬೆರಳುಗಳ ನಡುವೆ ಹೊರಳಿಸಿದ. ಅಸಲಿಯಾಗಿದ್ದರೆ ಉದ್ದಕ್ಕೂ ಒಂದೇ ಹದ ಇರಬೇಕು. ಇದು ಒಂದು ಕಡೆ ಕಲ್ಲು, ಒಂದು ಕಡೆ ಟೊಳ್ಳು. ಎಲೆಯ ನರಗಳು ಮುದುಕನ ಮುಂಗೈ ಮೇಲಿನಂತೆ ಎದ್ದು ಕಾಣುತ್ತಿದ್ದವು. ಸಿಗಾರುಗಳ ಕೊರಳಿಗೆ ಸುತ್ತಿದ ಕಾಗದದ ಪಟ್ಟಿಗಳು ಒಂದು ಮೇಲೆ, ಒಂದು ಕೆಳಗೆ. ಮೂಸಿದರೆ ತೊಗರಿ ಹೊಟ್ಟಿನ ವಾಸನೆ. ಡಬ್ಬಿಯ ತಳದಲ್ಲಿ ಕಾಯಿಸಿ ಒತ್ತಿದ ಮುದ್ರೆ ಇರಬೇಕಿತ್ತು, ಇಲ್ಲಿದ್ದದ್ದು ಶಾಯಿಯ ಠಸ್ಸೆ. ಉಜ್ಜಿದರೆ ಬೆರಳಿಗೆ ಹತ್ತಿತು. ಬೆರಳನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡ.

ಹೈದರಾಬಾದಿನ ಫುಟ್‌ಪಾತಿನಲ್ಲಿ ಯಾರೋ ಕೊಂಡು ತಂದದ್ದಿರಬೇಕೆಂದು ಸಾಹೇಬರು ತಾವೇ ಹೇಳಿದರು. ಹೇಳುತ್ತ ಅವನ ಕಡೆ ಕಣ್ಣು ಮಿಟುಕಿಸಿದರು. ಒಳಗಿನಿಂದ ಮಹಾನಂದಾಬಾಯಿ ಕೆಮ್ಮಿದರು. ಗಂಡ ಹೆಂಡತಿ ಇಬ್ಬರೂ ಕೈಬಿಡಬೇಡ ಎನ್ನುತ್ತಿದ್ದಾರೆಂದು ತೌಹೀದನಿಗೆ ಅರ್ಥವಾಯಿತು. ಬೇಕರಿಯ ಮುಂದೆ ಅಗೆದು ಬಿಟ್ಟ ಗಟಾರವೂ ಆ ಹೊತ್ತಿಗೇ ನೆನಪಾಯಿತು. ಗಿರಾಕಿಗಳು ಲುಂಗಿ ಎತ್ತಿ ಹಾರಿ ಬರಬೇಕಾಗಿತ್ತು. ಸಾಹೇಬರು ಒಂದು ಮಾತು ಹೇಳಿದರೆ ಸಾಕು, ಮುಚ್ಚಿಹೋಗುತ್ತಿತ್ತು.

ಅವನು ಎದ್ದು ನಿಂತ. ಕಿರಿಯವನು ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯತೊಡಗಿದ. ಮದುಮಗನಿಗೆ ತೋರಿಸಲು ಇರಬೇಕೆಂದುಕೊಂಡು ತೌಹೀದ ಕಾಲರು ಸರಿಮಾಡಿಕೊಂಡ.

“ಅಸಲಿ ಅಂದ್ರ ಅಸಲಿ ರೀ. ದುಬೈದಾಗ ಶೇಖರು ಸೇದೂ ಮಾಲು. ಒಂದೊಂದು ಸಿಗಾರಿಗೆ ಒಂದೊಂದು ಎಮ್ಮಿ ಬರ್ತದ.”

ಸಾಹೇಬರು ಜಮಖಾನೆಯ ಮೇಲೆ, ರೇಷ್ಮೆ ಸೀರೆಗಳ ನಡುವೆ, ಕುಸಿದು ಕೂತರು. ಕಣ್ಣಲ್ಲಿ ನೀರಾಡಿತು. ತೌಹೀದನ ಎದೆ ಇನ್ನಷ್ಟು ಉಬ್ಬಿತು.

ತಪ್ಪು ತಿಳಿದಿಲ್ಲ ತಾನೇ, ಸರಿಯಾಗಿ ನೋಡಿದಿರಾ, ಎಂದು ಹಿರಿಯರು ಕೇಳಿದರು. ಹೀಗೆ ಕೇಳಿದ್ದು ಅವನನ್ನು ರೇಗಿಸಿತು. ಇಷ್ಟು ವರ್ಷಗಳಲ್ಲಿ ತನ್ನ ಮಾತನ್ನು ಮೊದಲ ಸಲ ಮನಸ್ಸಿಟ್ಟು ಕೇಳುತ್ತಿರುವವರು ಅನುಮಾನಪಟ್ಟರೆ ಹೇಗೆ? ಯಾವ ಎಲೆ ಎಲ್ಲಿ ಬೆಳೆಯುತ್ತದೆ, ಎಷ್ಟು ಕಾಲ ಹದಕ್ಕಿಡುತ್ತಾರೆ, ಹೇಗೆ ಸುತ್ತುತ್ತಾರೆ ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದ. ಕಡೆಗೆ ಬೀಗರ ಬಾಯಿ ಮುಚ್ಚಿಸಲೆಂದೇ ಇನ್ನೊಂದು ಮಾತು ಸೇರಿಸಿದ.

“ಬರೀ ಪಗಾರದ ಮ್ಯಾಲ ಬದುಕಾವ್ರಿಗೆ ಇದು ಕಣ್ಣಿಗೂ ಬೀಳೂದಿಲ್ಲ. ದೊಡ್ಡ ಮಂದಿ ಕೊಟ್ಟಾರ. ಅದೂ ಸಣ್ಣ ಕೆಲಸಕ್ಕ ಕೊಟ್ಟಿಲ್ಲ, ಬರದಿಟ್ಕೋರಿ.”

ಸಾಹೇಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹಿರಿಯರ ಮುಖದಲ್ಲಿ ಅಷ್ಟು ಹೊತ್ತಿಗೆ ಮೊದಲ ಸಲ ನಗೆ ಮೂಡಿತು. ಅವರು ಎದ್ದು ಬಂದು ತೌಹೀದನ ಕೈ ಹಿಡಿದು ಕುಲುಕಿದರು.

“ಲಂಚದ ಕೇಸಿನಾಗ ಇಷ್ಟು ಖಡಕ್ ಸಾಕ್ಷಿ ನಮಗ ಸಿಗೂದ ಅಪರೂಪರಿ,” ಎಂದರು, “ಕೋರ್ಟಿನಾಗೂ ಇದನ್ನ ಹಿಂಗ ಹೇಳ್ರಿ.”