ಮೂರನೆಯ ಪದರ

ಹಿಮಗಡಿಯ ಸೈನಿಕರ ಬೂಟುಗಳಿಗೆ ಐದು ವರ್ಷಗಳ ಗುತ್ತಿಗೆ ಇತ್ತು. ಮೂರನೆಯ ವರ್ಷ ಒಳಗಿನ ಉಣ್ಣೆಯ ಮೂರು ಪದರಗಳು ಎರಡಾದವು. ಆ ಚಳಿಗಾಲದಲ್ಲಿ ಕಾಲ್ಬೆರಳುಗಳನ್ನು ಕಳೆದುಕೊಂಡ ಸೈನಿಕನೊಬ್ಬನ ತಾಯಿಯನ್ನು ಸಂಸದೆ ಸಂಸದೀಯ ಸಮಿತಿಯ ಸಭೆಗೆ ಕರೆತಂದು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

“ಗುತ್ತಿಗೆಯ ಷರತ್ತು ಬದಲಾದದ್ದನ್ನ ಸಮಿತಿಗೆ ಯಾಕೆ ತಿಳಿಸಲಿಲ್ಲ?” ಎಂದು ಸಂಸದೆ ಕೇಳಿದರು.

“ಸಣ್ಣ ಬದಲಾವಣೆ ಅಂದುಕೊಂಡೆವು, ಮೇಡಂ,” ಎಂದರು ಖರೀದಿ ಅಧಿಕಾರಿ.

“ಹುಡುಗನ ಎಂಟು ಬೆರಳು ಹೋಗ್ಯಾವ, ಸಣ್ಣದೇನ್ರಿ ಅದು? ಬದಲಾಯಿಸ್ರಿ ಅಂತ ಕೇಳಿದವರು ಯಾರು?” ಸಂಸದೆ ದನಿ ಏರಿಸಿದರು.

“ಅದನ್ನ ಆಮೇಲೆ, ನಿಮ್ಮ ಕೋಣೆಯಲ್ಲಿ ಹೇಳ್ತೀನಿ, ಮೇಡಂ.”

“ಯಾವ ಮಂತ್ರಿ ಅಳಿಯನ್ನ ಕಾಯಾಕತ್ತೀರಿ? ಈ ತಾಯಿ ಎದುರಿಗೇ ಹೇಳ್ರಿ!”

ಅಧಿಕಾರಿ ಕಡತದಿಂದ ಒಂದು ಶಿಫಾರಸು ಪತ್ರವನ್ನು ತೆಗೆದು ಮುಂದಿಟ್ಟರು. ಸಂಸದೆ ಕನ್ನಡಕ ಹಾಕಿಕೊಂಡು ಓದಿದರು.

ಓದು ಬಾರದ ತಾಯಿ ಅವರ ಮೊಣಕೈ ಮುಟ್ಟಿದಳು. “ಯಾರಂತ್ರೀ, ಅಕ್ಕಾರ?”

‘ನಮ್ಮ ಕ್ಷೇತ್ರದ ಬೂಟು ಕಾರ್ಖಾನೆಯಲ್ಲಿ ಮೂರನೆಯ ಪದರ ಹೊಲಿಯುವ ಯಂತ್ರ ಕೆಟ್ಟಿದೆ, ದಯವಿಟ್ಟು ಷರತ್ತು ಸಡಿಲಿಸಿ’ ಎಂಬ ಸಾಲಿನ ಕೆಳಗೆ ಸಂಸದೆಯದೇ ಸಹಿ ಇತ್ತು.