ಹನ್ನೆರಡನೇ ಮಹಡಿಗೆ ಚಂದ್ರಿಯ ದಿಬ್ಬಣ

ಲಿಫ್ಟುಗಳ ಕಾಲ ಮುಗಿದ ಮೇಲೆ ಮದುಮಗಳು ಗಂಡನ ಮನೆಗೆ ಬರುವುದು ಉಡದ ಬೆನ್ನೇರಿ, ಗೋಡೆ ಹತ್ತಿಯೇ. ಗೌರವ್ವನ ಉಡ ಚಂದ್ರಿ ಎತ್ತಿನಷ್ಟು ದೊಡ್ಡದು. ಮೊಟ್ಟೆಯೊಡೆದು ಬಂದ ದಿನದಿಂದ ಅವಳೇ ಸಾಕಿದ್ದು. ಅದು ಹನ್ನೆರಡನೇ ಮಹಡಿಗೆ ಸರಸರನೆ ಏರುತ್ತಿದ್ದರೆ ಬಾಸಿಂಗ ವಾಲಿ, ಸೆರಗು ಹಾರಿ, ಗೌರವ್ವ ಕೇಕೆ ಹಾಕಿದಳು. ಕೆಳಗೆ ಡೊಳ್ಳಿನವರು ಬಾರಿಸಿದ್ದೇ ಬಾರಿಸಿದ್ದು!

ಕಿಟಕಿಯೇ ಆ ಮನೆಯ ಬಾಗಿಲು. ಅತ್ತೆ ನೀಲವ್ವ ಆರತಿ ಹಿಡಿದು ನಿಂತಿದ್ದಳು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು.

"ನೀ ಅಷ್ಟ ಒಳಗ ಬಾರವ್ವ. ಉಡ ತವರಿಗೆ ಹೋಗ್ಲಿ. ಮನ್ಯಾಗ ಅದಕ್ಕ ಜಾಗಾ ಇಲ್ಲ."

ಗೌರವ್ವ ಚಂದ್ರಿಯ ಕೊರಳು ತಬ್ಬಿಕೊಂಡು, "ಇದನ್ನ ಬಿಟ್ಟು ನಾ ಹ್ಯಾಂಗ ಇರ್ಲಿರಿ, ಅತ್ತಿ?" ಎಂದಳು.

ಚಂದ್ರಿ ಸೀಳುನಾಲಿಗೆ ಚಾಚಿ ಅಕ್ಕಿಯನ್ನು ಮೂಸಿತು. ಆಮೇಲೆ ಬಲಗಾಲೆತ್ತಿ ಒಳಗಿಟ್ಟಿತು. ಸೇರು ಉರುಳಿ ನಡುಮನೆಯ ತುಂಬ ಅಕ್ಕಿ ಚೆಲ್ಲಿತು.

ಸೇರು ಒದ್ದು ಒಳಗೆ ಬಂದವಳನ್ನು ತವರಿಗೆ ಅಟ್ಟಿದ ಮನೆ ಆ ಊರಲ್ಲೇ ಇರಲಿಲ್ಲ.

ನೀಲವ್ವ ಆ ಬಲಗಾಲನ್ನೇ ದಿಟ್ಟಿಸಿದಳು. ಚಂದ್ರಿಯ ಹಣೆಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಸೇರಿಗೆ ಮತ್ತೆ ಅಕ್ಕಿ ತುಂಬಿಟ್ಟಳು.

"ಹಿರೇ ಸೊಸಿ ಬಂದ್ಲು," ಎಂದಳು ಗೌರವ್ವನಿಗೆ. "ಈಗ ನೀ ಬಾ."